ಎರಡೂವರೆ ಬೊಗಳು

ನಮ್ಮೂರಲ್ಲಿ ಕತ್ತಲಾಗಬೇಕಾದರೆ ಊರಿನ ನಾಯಿಗಳೆಲ್ಲ ಒಂದೊಂದು ಸಲವಾದರೂ ಬೊಗಳಿರಬೇಕು. ಅಲ್ಲಿಯವರೆಗೆ ಸೂರ್ಯ ನೀರಿನ ಟ್ಯಾಂಕಿನ ಹೆಗಲ ಮೇಲೆ, ಸೀರೆ ಅಂಗಡಿಯ ಹೊರಗೆ ಹೆಂಡತಿಗಾಗಿ ಕಾಯುವ ಗಂಡನ ಹಾಗೆ, ಮುಖ ಕೆಂಪಗೆ ಮಾಡಿಕೊಂಡು ನಿಂತಿರುತ್ತಾನೆ. ಕೊನೆಯ ನಾಯಿ ಬೊಗಳಿದ ಕೂಡಲೇ ಟ್ಯಾಂಕಿನ ಹಿಂದಕ್ಕೆ ದುಡುಂ ಎಂದು ಇಳಿದುಬಿಡುತ್ತಾನೆ. ಬೇರೆ ಊರುಗಳಲ್ಲಿ ನಾಯಿಗಳು ತಮ್ಮ ಪಾಡಿಗೆ, ಸೂರ್ಯ ತನ್ನ ಪಾಡಿಗೆ ಇರುತ್ತಾರಂತೆ. ಅಲ್ಲಿಯ ಜನ ಸಂಜೆಯನ್ನು ಅದು ಹೇಗೆ ನಂಬಿಕೊಂಡು ಬದುಕುತ್ತಾರೋ ನನಗೆ ಗೊತ್ತಿಲ್ಲ.

ಹೀಗಾಗಿ ನಮ್ಮ ಕಡೆ ಯಾರನ್ನಾದರೂ ಮನೆಗೆ ಕರೆಯುವಾಗ ಏಳಕ್ಕೆ ಬನ್ನಿ, ಎಂಟಕ್ಕೆ ಬನ್ನಿ ಎನ್ನುವುದಿಲ್ಲ. ನಾಯಿಯಾದ ಮೇಲೆ ಬನ್ನಿ ಎನ್ನುತ್ತೇವೆ. ಗೋಧೂಳಿ ಲಗ್ನದ ದಿನ ಗಂಡಿನ ಕಡೆಯವರ ಬಸ್ಸು ಕೆಟ್ಟು ನಿಂತರೆ ಹೆಣ್ಣಿನ ಅಪ್ಪ ಎದೆ ಬಡಿದುಕೊಳ್ಳುವುದಿಲ್ಲ. ಯಾವುದಾದರೊಂದು ನಾಯಿಯ ಅಂಗುಳಿಗೆ ಎಳೆಪಾಕದ ಬೆಲ್ಲ ಮೆತ್ತಿ ಕೂರಿಸಿದರೆ ಆಯಿತು, ಅದು ನಾಲಿಗೆ ಹೊರಳಿಸುತ್ತ ನೆಕ್ಕಿಕೊಳ್ಳುವಷ್ಟು ಹೊತ್ತೂ ಮುಹೂರ್ತ ಮೀರುವುದಿಲ್ಲ. ಮರಿಯೊಂದು ಮೊದಲ ಸಲ ಬಾಯಿಬಿಟ್ಟು ಬೊಗಳಿದ ದಿನದಿಂದ ಸೂರ್ಯ ಅದಕ್ಕೂ ಕಾಯಲು ಶುರುಮಾಡುತ್ತಾನೆ. ಸತ್ತ ನಾಯಿಗೆ ಕಾಯುವುದಿಲ್ಲ. ನಾಯಿಯನ್ನು ಊರು ಬಿಡಿಸಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಹಿಂದೊಮ್ಮೆ ಬಳೆ ಅಂಗಡಿಯವರು ತಮ್ಮ ನಾಯಿಯನ್ನೂ ಕಟ್ಟಿಕೊಂಡು ಬೀಗರ ಊರಿಗೆ ಹೋಗಿದ್ದರು. ಅದು ಅಲ್ಲಿ ಬೊಗಳಿದ್ದು ಇಲ್ಲಿಗೆ ಸಲ್ಲದೆ, ಅವರ ಬಸ್ಸು ವಾಪಸು ಬರುವವರೆಗೆ ನಾವೆಲ್ಲ ಒಂದೇ ಸಂಜೆಯಲ್ಲಿ ನಾಲ್ಕು ಸಲ ಕಾಫಿ ಕುಡಿದೆವು.

ಇದನ್ನೆಲ್ಲ ನೋಡಿಕೊಳ್ಳುವುದಕ್ಕೆ ಪುರಸಭೆಯಲ್ಲಿ ಸಂಜೆ ಗುಮಾಸ್ತ ಎಂಬ ಹುದ್ದೆ ಇದೆ. ಆ ಹುದ್ದೆಯಲ್ಲಿರುವವರು ರುದ್ರಮುನಿಯವರು. ಬಿಸಿಲು ಹಳದಿಗೆ ತಿರುಗಿದ ಕೂಡಲೇ ಸರ್ಕಲ್ಲಿನ ಅರಳಿಕಟ್ಟೆಯ ಮೇಲೆ ಉದ್ದನೆಯ ಪುಸ್ತಕ ಬಿಚ್ಚಿಕೊಂಡು ಕೂರುತ್ತಾರೆ. ಇನ್ನೂರ ಹದಿಮೂರು ನಾಯಿಗಳ ಹೆಸರು, ವಯಸ್ಸು, ಬಣ್ಣ, ಕಿವಿ ನೆಟ್ಟಗೋ ಜೋಲೋ, ಎಲ್ಲ ಅದರಲ್ಲಿದೆ. ಯಾವ ಬೀದಿಯಿಂದ ಯಾವ ನಾಯಿ ಬೊಗಳಿದರೂ ದನಿಯಿಂದಲೇ ಗುರುತು ಹಿಡಿದು ಗೆರೆ ಎಳೆಯುತ್ತಾರೆ. ತಡ ಮಾಡಿದ ನಾಯಿಯ ಮನೆಗೆ ಸೈಕಲ್ಲಿನಲ್ಲಿ ಹೋಗಿ ಬಾಗಿಲು ತಟ್ಟುತ್ತಾರೆ. ಸರ್ಕಾರಿ ಕೆಲಸದಲ್ಲಿದ್ದೂ ಮನೆಗೆ ಬೇಗ ಹೋಗುವ ಆಸೆಯನ್ನು ಇಷ್ಟು ಪ್ರಾಮಾಣಿಕವಾಗಿ ದುಡಿಸಿಕೊಂಡವರನ್ನು ನಾನು ಬೇರೆ ಕಂಡಿಲ್ಲ. ಆ ಪುಸ್ತಕದ ಕೊನೆಯ ಹಾಳೆಯಲ್ಲಿ ಯಾರೂ ಓದಲು ಇಷ್ಟಪಡದ ಒಂದು ನಿಯಮವಿದೆ: ಯಾವುದೇ ನಾಯಿ ಗಡಿಯಾರದ ಲೆಕ್ಕದಲ್ಲಿ ಮೂರು ಸಂಜೆ ಬೊಗಳದೆ ಉಳಿದರೆ ಅದಕ್ಕೆ ಸೂಜಿ. ಯಾವ ಸೂಜಿ ಎಂದು ಬರೆದಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

ನಾನು ಚಂದ್ರಹಾಸ. ಬಿ.ಎ. ಪಾಸು ಮಾಡಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತವನು. ಬಿ.ಎ. ಎಂದರೆ ಬೊಗಳುವ ಅಧಿಕಾರ ಎಂದು ಪಕ್ಕದ ಮನೆಯ ಸಾವಂತ್ರಮ್ಮನವರು ಹಾಸ್ಯಕ್ಕೆ ಹೇಳುತ್ತಿದ್ದರು, ಆಗಿನ್ನೂ ಅದು ಹಾಸ್ಯವಾಗಿತ್ತು. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಅದು ನನ್ನ ಗಂಟಲಲ್ಲಿ ಬಾಡಿಗೆಗೆ ಇಳಿದುಬಿಡುತ್ತದೆ. ಕಾಲೇಜಿನಲ್ಲಿ ಹನ್ನೊಂದು ಮಂದಿ ಗೆಳೆಯರ ಹಾಜರಿಯನ್ನು ಹನ್ನೊಂದು ದನಿಗಳಲ್ಲಿ ಕೂಗುತ್ತಿದ್ದೆ. ಅದರ ಸಂಭ್ರಮದಲ್ಲಿ ನನ್ನ ಹಾಜರಿಗೇ ಓಗೊಡಲು ಮರೆತು, ವರ್ಷದ ಕೊನೆಗೆ ಹಾಜರಿ ಕಮ್ಮಿಯೆಂದು ನನ್ನೊಬ್ಬನನ್ನೇ ಪರೀಕ್ಷೆಯಿಂದ ಹೊರಗಿಟ್ಟರು. ಆ ವರ್ಷ ಸುಮ್ಮನೆ ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ಸಿಕ್ಕವನೇ ದಫೇದಾರ.

ಅಂಗೈಯಷ್ಟಿದ್ದ ಮರಿ ಕಂಟ್ರೋಲರ್ ಸಾಹೇಬರ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ತಡೆದು, ಮೂಸಿ, ಒಪ್ಪಿಗೆಯಾದರೆ ಮಾತ್ರ ಒಳಗೆ ಬಿಡುತ್ತಿತ್ತು. ಹಾಗಾಗಿ ಆ ಹೆಸರು. ಅವನ ಬೊಗಳು ಊರಿಗೇ ಬೇರೆ. ಎರಡು ಪೂರ್ತಿ, ಆಮೇಲೆ ಒಂದು ಅರ್ಧ: ಬೊವ್, ಬೊವ್, ಹುಫ್. ಆ ಅರ್ಧ ಮೂಗಿನಿಂದ ಬರುತ್ತಿತ್ತು, ದೊಡ್ಡ ಅಧಿಕಾರಿಗಳು ಕಾಗದದ ಕೆಳಗೆ ಚಿಕ್ಕ ರುಜು ಹಾಕಿದ ಹಾಗೆ. ಹದಿನಾಲ್ಕು ವರ್ಷ ನನ್ನ ಜೊತೆ ಬಸ್ ನಿಲ್ದಾಣಕ್ಕೆ ಬಂದು ಮೈಕಿನ ಮೇಜಿನ ಕೆಳಗೆ ಮಲಗಿದ. ನಾನು ಒಂದೊಂದು ಬಸ್ಸು ಕೂಗಿದಾಗಲೂ ಬಾಲದಿಂದ ನೆಲಕ್ಕೆ ಒಂದು ಪೆಟ್ಟು ಹಾಕುತ್ತಿದ್ದ. ಅದಿಲ್ಲದೆ ಯಾವ ಬಸ್ಸೂ ಹೊರಟದ್ದು ನನಗೆ ನೆನಪಿಲ್ಲ.

ಹದಿನಾಲ್ಕನೇ ವರ್ಷ ಕೆಮ್ಮು ಶುರುವಾಯಿತು. ಮೂಳೆ ಸಿಕ್ಕಿಕೊಂಡಿದೆ ಎಂದು ನಾನು ಬಾಳೆಹಣ್ಣು ನುಂಗಿಸಿದೆ. ಒಂದು ಸಂಜೆ ಎಂದಿನಂತೆ ಎರಡೂವರೆ ಬೊಗಳಿ, ಕಾಲು ಮುರಿದ ಸ್ಟೂಲಿನ ಹಾಗೆ ಪಕ್ಕಕ್ಕೆ ವಾಲಿ ಬಿದ್ದ. ಮಾರನೆಯ ಬೆಳಿಗ್ಗೆ ಎತ್ತಿಕೊಂಡು ದನದ ಆಸ್ಪತ್ರೆಗೆ ಓಡಿದೆ. ಡಾಕ್ಟರ್ ಶಮೀಮಾ ಬೇರೆ ಊರಿನಿಂದ ವರ್ಗವಾಗಿ ಬಂದು ಆಗಿನ್ನೂ ಎರಡು ತಿಂಗಳಾಗಿತ್ತು. ನನಗೆ ಭಯವಾದಾಗ ನಾಲಿಗೆ ನನ್ನ ಕೈಲಿ ಇರುವುದಿಲ್ಲ. ಶ್ವಾನಕ್ಕೆ ಸ್ವಲ್ಪ ಶ್ವಾಸದ ತೊಂದರೆ ಅಷ್ಟೇ ಅಲ್ಲವೇ ಎಂದು ಕೇಳಿದೆ. ಅವರು ನಗಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ಹೃದಯ ದೊಡ್ಡದಾಗಿದೆ ಎಂದರು. ಅದು ಮೊದಲಿನಿಂದಲೂ ದೊಡ್ಡದೇ ಎಂದೆ. ಅದಕ್ಕೂ ನಗಲಿಲ್ಲ. ದಿನಕ್ಕೆ ಎರಡು ಮಾತ್ರೆ, ಉಪ್ಪು ಬೇಡ, ಮೆಟ್ಟಿಲು ಬೇಡ, ಹೀಗೆ ನೋಡಿಕೊಂಡರೆ ಕೆಲವು ತಿಂಗಳು ಹಾಯಾಗಿ ಇರುತ್ತಾನೆ ಎಂದು ಬರೆದುಕೊಡುತ್ತ, "ಮುಖ್ಯವಾಗಿ ಇವನು ಬೊಗಳಬಾರದು. ಒಂದು ಜೋರು ಬೊಗಳಿಗೇ ಎದೆ ನಿಂತುಹೋಗಬಹುದು," ಎಂದರು. ಹೇಳಿದ ಮೇಲೆ ತಾವು ಯಾವ ಊರಿನಲ್ಲಿ ಕೂತು ಹೇಳುತ್ತಿದ್ದೇವೆಂಬುದು ನೆನಪಾಗಿ, ಕಿಟಕಿಯಾಚೆ ನೀರಿನ ಟ್ಯಾಂಕನ್ನು ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

ಅವತ್ತು ಮಧ್ಯಾಹ್ನ ಮೊದಲ ಮಾತ್ರೆಯ ಯುದ್ಧ. ಇಡ್ಲಿಯೊಳಗಿಟ್ಟರೆ ಇಡ್ಲಿ ಹೋಗಿ ಮಾತ್ರೆ ಮಾತ್ರ ತೊಳೆದಿಟ್ಟ ಮುತ್ತಿನ ಹಾಗೆ ತಟ್ಟೆಯಲ್ಲಿ ಉಳಿಯಿತು. ಕೊನೆಗೆ ಬಸ್ ನಿಲ್ದಾಣದ ಕ್ಯಾಂಟೀನ್ ಭಟ್ಟರ ದನಿ ತೆಗೆದು, ಲೇ ದಫೇದಾರ, ನಿನ್ನೆಯ ಬೋಂಡ ಕಣೋ ಎಂದೆ. ಕಣ್ಣು ಮುಚ್ಚಿ ನುಂಗಿದ. ಹದಿನಾಲ್ಕು ವರ್ಷ ಸಾಕಿದವನ ಮಾತಿಗಿಲ್ಲದ ಬೆಲೆ ಭಟ್ಟರ ಹಳಸಲು ಬೋಂಡಕ್ಕಿತ್ತು.

ಸಂಜೆಯಾಯಿತು. ಬೇರೆ ನಾಯಿಗಳ ದನಿ ಕೇಳಿಸದಿರಲೆಂದು ದಫೇದಾರನ ಕಿವಿಗೆ ಹತ್ತಿ ಇಟ್ಟು, ಕಂಬಳಿ ಹೊದಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಇನ್ನೂರ ಹನ್ನೆರಡು ನಾಯಿಗಳು ಬೊಗಳಿ ಮುಗಿಸಿದವು. ಸೂರ್ಯ ಟ್ಯಾಂಕಿನ ಮೇಲೆ ನಿಂತ. ಒಂದು ಗಂಟೆ, ಎರಡು ಗಂಟೆ. ಬೀದಿಯಲ್ಲಿ ಜನ ಲುಂಗಿ ಕೊಡವಿಕೊಂಡು ಜಗಲಿಗೆ ಬಂದರು. ಕೋಳಿಗಳು ಗೂಡಿಗೆ ಹೋಗಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲಿ ಸಾಲು ನಿಂತವು. ಸಾಲದ್ದಕ್ಕೆ ಅವತ್ತು ಸಂಕಷ್ಟಿ. ಸಾವಂತ್ರಮ್ಮನವರು ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ, ಚಂದ್ರನನ್ನು ನೋಡಿಯೇ ಊಟ. ಸೂರ್ಯನೇ ಹೋಗದಿದ್ದರೆ ಚಂದ್ರ ಎಲ್ಲಿಂದ ಬರಬೇಕು? ಗೋಡೆಯಾಚೆಯಿಂದ ಅವರು ಗಣಪತಿಯ ಸ್ತೋತ್ರವನ್ನೂ ನನ್ನ ವಂಶಾವಳಿಯನ್ನೂ ಒಂದೇ ರಾಗದಲ್ಲಿ ಹೇಳುತ್ತಿದ್ದರು. ಅಷ್ಟರಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ರುದ್ರಮುನಿಯವರು ಬಾಗಿಲು ತಟ್ಟಿ, ನಿಮ್ಮವನೊಬ್ಬನೇ ಬಾಕಿ ಎಂದರು.

ಗಂಟಲು ಕಟ್ಟಿದೆ, ಬಿಸಿನೀರು ಕುಡಿಸಿ ಬೊಗಳಿಸುತ್ತೇನೆ, ಅಲ್ಲೇ ಜಗಲಿಯಲ್ಲಿ ಕೂತಿರಿ ಎಂದು ಬಚ್ಚಲಿಗೆ ಓಡಿದೆ. ಹಂಡೆ ಖಾಲಿ ಇತ್ತು. ದನಿಗೆ ಎದೆಯ ಆಳ ಬರಲೆಂದು ತಲೆಯನ್ನು ಹಂಡೆಯೊಳಗೆ ಇಳಿಸಿ, ಹದಿನಾಲ್ಕು ವರ್ಷ ಕೇಳಿದ್ದನ್ನು ಒಪ್ಪಿಸಿದೆ: ಬೊವ್, ಬೊವ್, ಹುಫ್. ಹಂಡೆಯಿಂದ ತಲೆ ಎತ್ತುವಷ್ಟರಲ್ಲಿ ಬಚ್ಚಲ ಕಿಂಡಿ ಕಪ್ಪಾಗಿತ್ತು. ಹೊರಗೆ ರುದ್ರಮುನಿಯವರು ಗೆರೆ ಎಳೆದು, ಕಫ ಕಟ್ಟಿದೆ, ಕರಿಮೆಣಸು ಹಾಕಿ ಎಂದು ಹೇಳಿ ಹೊರಟುಹೋದರು. ಮೂವತ್ತೆಂಟು ವರ್ಷ ಬೊಗಳೆ ಬಿಟ್ಟುಕೊಂಡು ಬಂದವನು ಮೊದಲ ಸಲ ನಿಜವಾಗಿ ಬೊಗಳಿದ್ದೆ. ದಫೇದಾರ ಬಚ್ಚಲ ಬಾಗಿಲಿಗೆ ನಡೆದು ಬಂದು, ತನ್ನ ಅಂಗಿಯನ್ನು ಬೇರೆಯವರು ತೊಟ್ಟಿದ್ದನ್ನು ಕಂಡವನ ಹಾಗೆ ನನ್ನನ್ನು ನೋಡಿದ.

ಹದಿನಾರು ದಿನ ಹೀಗೇ ನಡೆಯಿತು. ಮಾತ್ರೆ ಹಿಡಿದು ಕೆಮ್ಮು ಇಳಿಯಿತು. ಹದಿನೇಳನೆಯ ಸಂಜೆ ದಫೇದಾರ ನಿದ್ದೆಯಲ್ಲಿ ಯಾವುದೋ ಬೆಕ್ಕನ್ನು ಕಂಡು, ಮೆಲ್ಲಗೆ, ಪಿಸುಮಾತಿನ ಹಾಗೆ ತಾನೇ ಎರಡೂವರೆ ಬೊಗಳಿಬಿಟ್ಟ. ಏನೂ ಆಗಲಿಲ್ಲ, ಮಗ್ಗುಲು ಬದಲಿಸಿ ಗೊರಕೆ ಹೊಡೆದ. ಅವತ್ತಿನ ಕೆಲಸ ಉಳಿಯಿತೆಂದು ನಾನು ಕಾಲು ಚಾಚಿ ಕೂತೆ. ಸೂರ್ಯ ಮಾತ್ರ ಅಲ್ಲೇ ನಿಂತಿದ್ದ.

ರುದ್ರಮುನಿಯವರು ಪುಸ್ತಕವನ್ನು ಮೂರು ಸಲ ತಿರುವಿ ಹಾಕಿದರು. ದಫೇದಾರನ ಪಿಸುಮಾತೂ ಅವರ ಕಿವಿಗೆ ತಪ್ಪಿರಲಿಲ್ಲ, ಇನ್ನೂರ ಹದಿಮೂರಕ್ಕೂ ಗೆರೆ ಬಿದ್ದಿತ್ತು. ಹಾಗಾದರೆ ಯಾರೋ ಮನೆಯಲ್ಲಿ ಲೆಕ್ಕಕ್ಕೆ ಸಿಗದ ಮರಿ ಬಚ್ಚಿಟ್ಟಿದ್ದಾರೆ ಎಂದಾಯಿತು. ಇಡೀ ಊರು ಹುಡುಕಲು ಹೊರಟಿತು, ನಾನೂ ಹೊರಟೆ. ಅಷ್ಟು ಬೆಳಕಿದ್ದರೂ ಶ್ರದ್ಧೆಗೆ ಒಂದು ಟಾರ್ಚು ಹಿಡಿದುಕೊಂಡಿದ್ದೆ. ಅಟ್ಟ ಹತ್ತಿದೆವು, ಹುಲ್ಲಿನ ಬಣವೆ ಕೆದಕಿದೆವು, ಸಾವಂತ್ರಮ್ಮನವರ ಹಿಟ್ಟಿನ ಡಬ್ಬದಲ್ಲೂ ಕೈಯಾಡಿಸಿ ಬೈಸಿಕೊಂಡೆವು. ಮೂರು ಗಂಟೆಯ ಮೇಲೆ ರುದ್ರಮುನಿಯವರೂ ನಾನೂ ಸುಸ್ತಾಗಿ ನಮ್ಮ ಜಗಲಿಗೆ ಬಂದು ಕೂತೆವು. ದಫೇದಾರ ಎದ್ದು ಬಂದು ನನ್ನ ಮುಂದೆ ಕೂತ. ನನ್ನ ಮುಖವನ್ನೇ ನೋಡಿದ. ಬಾಲದಿಂದ ನೆಲಕ್ಕೆ ಒಂದು ಪೆಟ್ಟು ಹಾಕಿ, ಬಸ್ಸು ಕೂಗಲು ತಡವಾದಾಗ ಕಾಯುವ ಹಾಗೆ ಕಾದ.

ಆಗ ನನಗೆ ಹೊಳೆಯಿತು. ಒಮ್ಮೆ ಬೊಗಳಿದವನಿಗೆ ಸೂರ್ಯ ಮಾರನೆಯ ದಿನದಿಂದ ಕಾಯುತ್ತಾನೆ. ಮರಿಯೋ ಮನುಷ್ಯನೋ ಎಂದು ಅವನು ವಿಚಾರಿಸುವುದಿಲ್ಲ. ಹದಿನಾರು ದಿನ ನಾನು ಬೊಗಳಿದ್ದು ನಮ್ಮಿಬ್ಬರಿಗೂ ಸಂದಿತ್ತು; ಇವತ್ತು ದಫೇದಾರ ಬೊಗಳಿದ್ದು ದಫೇದಾರನಿಗೆ ಮಾತ್ರ ಸಂದಿತ್ತು. ಬಾಕಿ ಉಳಿದ ನಾಯಿ ನಾನೇ. ಬಚ್ಚಲಿಗೆ ಹೋಗಿ ಮರ್ಯಾದೆ ಉಳಿಸಿಕೊಳ್ಳಲು ಸಮಯವಿರಲಿಲ್ಲ. ರುದ್ರಮುನಿಯವರ ಪಕ್ಕದಲ್ಲೇ ಕೂತು ಬೊಗಳಿದೆ. ಸೂರ್ಯ ಇಳಿದ.

ಬೀದಿಯವರೆಲ್ಲ ಲಾಟೀನು ಹಿಡಿದು ನಮ್ಮ ಜಗಲಿಗೆ ಬಂದರು. ಹದಿನಾರು ದಿನದ ಹಂಡೆಯ ಕಥೆಯನ್ನೆಲ್ಲ ನಾನು ಒಪ್ಪಿಕೊಳ್ಳಬೇಕಾಯಿತು. ರುದ್ರಮುನಿಯವರು ಕಿರುಬೆರಳಿನಿಂದ ಕಿವಿ ತಿರುವಿಕೊಂಡರು. ತಮ್ಮ ಕಿವಿಯನ್ನು ಒಬ್ಬ ಬಿ.ಎ. ಮೋಸಗೊಳಿಸಿದ ದುಃಖ ಅವರಿಗೆ. ಆಮೇಲೆ ಪುಸ್ತಕದ ಕೊನೆಯ ಹಾಳೆ ತೆಗೆದು, ದಫೇದಾರ ಹದಿನಾರು ಸಂಜೆ ಬೊಗಳಿಲ್ಲ, ನಿಯಮ ಮೂರಕ್ಕೇ ಇದೆ ಎಂದರು. ಸಂಜೆ ನಿಲ್ಲಲಿಲ್ಲವಲ್ಲ ಎಂದು ನಾನು ವಾದ ಮಾಡಿದೆ. ಅದು ಸುಳ್ಳು ಬೊಗಳು, ಲೆಕ್ಕಕ್ಕಿಲ್ಲ ಎಂದರು. ಡಾಕ್ಟರರ ಚೀಟಿ ತೋರಿಸಿದೆ. ನಿಯಮದಲ್ಲಿ ಹೃದಯದ ಪ್ರಸ್ತಾಪ ಇಲ್ಲ ಎಂದರು. ನಾನು ದಫೇದಾರನನ್ನು ಎತ್ತಿ ಎದೆಗೊತ್ತಿಕೊಂಡೆ. ಅವನಿಗೆ ಅಷ್ಟು ಜನ ಒಟ್ಟಿಗೆ ಬಂದದ್ದು ಇಷ್ಟವಾಗಿ ಬಾಲ ಅಲ್ಲಾಡಿಸುತ್ತಿದ್ದ.

ಆಗ ಸಾವಂತ್ರಮ್ಮನವರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ನಾನು ಕಣ್ಣು ಮುಚ್ಚಿಕೊಂಡೆ.

"ರುದ್ರಮುನಿ, ಅವತ್ತು ಸಂಕಷ್ಟಿ ದಿನ ಬೊಗಳಿದ್ದೂ ಇವನೇನಾ?"

"ಇವನೇ ಕಣಮ್ಮ."

"ಅವತ್ತು ಚಂದ್ರನ್ನ ನೋಡಿ ನಾನು ಊಟ ಮಾಡಿದೀನಿ. ಆ ಬೊಗಳು ಸುಳ್ಳಾದ್ರೆ ಆ ಚಂದ್ರನೂ ಸುಳ್ಳು, ನನ್ನ ಮೂವತ್ತು ವರ್ಷದ ವ್ರತವೂ ಸುಳ್ಳು. ನನ್ನ ವ್ರತ ಸುಳ್ಳಲ್ಲ. ಸರಿಯಾದ ಬೊಗಳು ಅಂತ ಬರ್ಕೋ."

ರುದ್ರಮುನಿಯವರು ಪೆನ್ನು ಹಿಡಿದು ಅವರ ಮುಖ ನೋಡಿದರು. ನಮ್ಮೂರಲ್ಲಿ ಸೂರ್ಯನನ್ನು ಎದುರು ಹಾಕಿಕೊಂಡವರಿದ್ದಾರೆ, ಸಾವಂತ್ರಮ್ಮನವರನ್ನು ಎದುರು ಹಾಕಿಕೊಂಡವರಿಲ್ಲ. ಹದಿನಾರು ಗೆರೆಗಳೂ ಉಳಿದವು. ಆದರೆ ಗುಮಾಸ್ತರು ಗುಮಾಸ್ತರೇ. ಹೊಸ ಸಾಲಿನಲ್ಲಿ ಇನ್ನೂರ ಹದಿನಾಲ್ಕು ಎಂದು ಹಾಕಿ, ಚಂದ್ರಹಾಸ, ವಯಸ್ಸು ಮೂವತ್ತೆಂಟು, ಬಣ್ಣ ಗೋಧಿ ಎಂದು ಬರೆದರು. ಲಾಟೀನು ಹತ್ತಿರ ತಂದು ಎರಡೂ ಕಡೆಯಿಂದ ನೋಡಿ, ಕಿವಿ ಜೋಲು ಎಂದು ಬರೆದರು. ಹುಚ್ಚುನಾಯಿ ಲಸಿಕೆ ಆಗಿದೆಯೇ ಎಂದು ಕೇಳಿದರು. ಸಾವಂತ್ರಮ್ಮನವರು ಹೋಗುವಾಗ, ಸಂಕಷ್ಟಿಯ ದಿನ ಮಾತ್ರ ಸ್ನಾನ ಮಾಡಿಯೇ ಬೊಗಳಬೇಕೆಂದು ತಾಕೀತು ಮಾಡಿದರು.

ಆಮೇಲೆ ನಾಲ್ಕು ತಿಂಗಳು ನಾನೂ ದಫೇದಾರನೂ ಬಹಿರಂಗವಾಗಿ ಜಗಲಿಯ ಮೇಲೆ ಕೂತು ಸಂಜೆ ಮುಗಿಸಿದೆವು. ಅವನು ಮೇಲ್ವಿಚಾರಣೆ, ನಾನು ಕೆಲಸ. ಅವಸರದಲ್ಲಿ ನಾನು ಕೊನೆಯ ಅರ್ಧವನ್ನು ನುಂಗಿದರೆ ಸೂರ್ಯ ಕದಲುತ್ತಿರಲಿಲ್ಲ, ದಫೇದಾರನೂ ಮುಖ ತಿರುಗಿಸುತ್ತಿರಲಿಲ್ಲ. ಇಬ್ಬರೂ ರುಜುವಿಗೆ ಕಾಯುತ್ತಿದ್ದರು. ಡಾಕ್ಟರ್ ಶಮೀಮಾ ಡ್ಯೂಟಿ ಮುಗಿಸಿ ಆ ದಾರಿಯಲ್ಲಿ ಹೋಗುವಾಗ ನಿಂತು ಅವನ ಎದೆ ಕೇಳುತ್ತಿದ್ದರು, ಒಮ್ಮೆ ನನ್ನ ಗಂಟಲನ್ನೂ ನೋಡಿದರು. ಅವನು ತೆಳ್ಳಗಾಗುತ್ತ ಬಂದ. ಬಸ್ ನಿಲ್ದಾಣಕ್ಕೆ ನಡೆಯಲಾರದಾದಾಗ ತರಕಾರಿ ಬುಟ್ಟಿಯಲ್ಲಿ ಕೂರಿಸಿ ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದೆ. ಮೇಲಿನಿಂದ ಅವನು ಜನರನ್ನು ತಪಾಸಣೆ ಮಾಡುತ್ತಿದ್ದ.

ಒಂದು ಮಧ್ಯಾಹ್ನ ಎರಡು ಗಂಟೆಯ ಬಸ್ಸು ಕೂಗಿದೆ. ಮೇಜಿನ ಕೆಳಗೆ ಬಾಲ ಬಡಿಯಲಿಲ್ಲ. ಮತ್ತೊಮ್ಮೆ ಕೂಗಿದೆ. ಆಮೇಲೆ ಭಟ್ಟರ ದನಿಯಲ್ಲಿ, ಲೇ ದಫೇದಾರ, ಬೋಂಡ ಕಣೋ ಎಂದೆ. ಮೂರು ನಾಲ್ಕು ಸಲ ಎಂದೆ. ಮೈಕು ಆರಿಸಿರಲಿಲ್ಲ, ಅರ್ಧ ಊರು ಕೇಳಿಸಿಕೊಂಡಿತು. ಕ್ಯಾಂಟೀನಿನಿಂದ ಭಟ್ಟರೇ ಕೈ ಒರೆಸಿಕೊಂಡು ಬಂದು, ಮೈಕಿನ ಗುಂಡಿ ಒತ್ತಿ, ನನ್ನ ಪಕ್ಕ ನೆಲದ ಮೇಲೆ ಕೂತರು. ಎರಡು ಗಂಟೆಯ ಬಸ್ಸು ಅವತ್ತು ಪೆಟ್ಟು ಬೀಳದೆಯೇ ಹೊರಟಿತು.

ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಮಣ್ಣು ಮಾಡಿ, ಸ್ನಾನ ಮಾಡಿ, ಜಗಲಿಗೆ ಬಂದು ಕೂತೆ. ಅವತ್ತೂ ಸಂಕಷ್ಟಿಯೇ. ಊರಿನ ನಾಯಿಗಳೆಲ್ಲ ಬೇಗ ಬೇಗ ಬೊಗಳಿ ಮುಗಿಸಿದವು. ಸೂರ್ಯ ಟ್ಯಾಂಕಿನ ಮೇಲೆ ಬಂದು ನಿಂತ. ಅವನು ಯಾರಿಗೆ ಕಾಯುತ್ತಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ನೂರು ದನಿ ಬಲ್ಲ ನನಗೆ ಬೊಗಳಲು ಬರುತ್ತಿದ್ದುದು ಒಂದೇ ಬಗೆ, ಅದು ದಫೇದಾರನದು. ಅದನ್ನು ಬೊಗಳಿಬಿಟ್ಟರೆ ದಫೇದಾರ ಇದ್ದ ಕೊನೆಯ ದಿನ ಮುಗಿಯುತ್ತದೆ, ನಾಳೆ ಎಂಬುದು ಅವನಿಲ್ಲದೆ ಶುರುವಾಗುತ್ತದೆ. ಬಾಯಿ ತೆರೆಯಲು ಮನಸ್ಸಾಗಲಿಲ್ಲ.

ಎರಡು ಗಂಟೆಯಾಯಿತು, ಮೂರಾಯಿತು. ಯಾರೂ ಬೈಯಲಿಲ್ಲ. ರುದ್ರಮುನಿಯವರು ಬಂದರು, ಆದರೆ ಗಂಟೆ ಬಾರಿಸಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಪುಸ್ತಕ ಮುಚ್ಚಿಟ್ಟುಕೊಂಡು ಜಗಲಿಯ ಆ ತುದಿಯಲ್ಲಿ ಕೂತರು. ಬೀದಿಯವರು ತಂತಮ್ಮ ಮನೆ ಮುಂದೆ ಹುಣಸೆಹಣ್ಣು ಬಿಡಿಸುತ್ತ, ಹೂ ಕಟ್ಟುತ್ತ ಸುಮ್ಮನೆ ಇದ್ದರು. ಕೋಳಿಗಳು ಕೂಡ ದಾರಿಯಲ್ಲೇ ಕುಕ್ಕರಿಸಿದವು. ಕೊನೆಗೆ ಸಾವಂತ್ರಮ್ಮನವರು ಬಂದರು. ಉಪವಾಸದಿಂದ ತುಟಿ ಒಣಗಿತ್ತು. ನನ್ನ ಪಕ್ಕ, ದಫೇದಾರ ಕೂರುತ್ತಿದ್ದ ಜಾಗ ಬಿಟ್ಟು, ಅದರಾಚೆ ಕೂತರು.

"ಚಂದ್ರ ಎಲ್ಲಿಗೂ ಓಡಿಹೋಗಲ್ಲ ಕಣಪ್ಪ," ಎಂದರು. "ನಿಧಾನಕ್ಕೆ ಬೊಗಳು."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೊವ್ ಎಂದೆ. ಮತ್ತೊಂದು ಬೊವ್ ಹೇಗೋ ಹೊರಗೆ ಬಂತು. ಅರ್ಧ ಮಾತ್ರ ಗಂಟಲಲ್ಲೇ ಅಡ್ಡ ಕೂತಿತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಸೂರ್ಯ ಟ್ಯಾಂಕಿನ ಅಂಚಿಗೆ ಜಾರಿ, ಅಲ್ಲೇ ತಡೆದು, ರುಜುವಿಗಾಗಿ ನಿಂತ. ಬೀದಿಗೆ ಬೀದಿಯೇ ಕೈಯಲ್ಲಿದ್ದ ಕೆಲಸ ನಿಲ್ಲಿಸಿತು.

"ಹುಫ್."

ಎಲ್ಲರೂ ತಿರುಗಿ ನೋಡಿದೆವು. ಸಾವಂತ್ರಮ್ಮನವರು ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಎದುರಿನ ಗೋಡೆ ನೋಡುತ್ತ ಕೂತಿದ್ದರು, ಅದು ತಮ್ಮಿಂದ ಬಂದದ್ದೇ ಅಲ್ಲವೆಂಬ ಹಾಗೆ. ಮೂಗಿನಿಂದ, ಚಿಕ್ಕದಾಗಿ, ಅಕ್ಷರ ತಪ್ಪದೆ ದಫೇದಾರನದೇ. ಹದಿನಾಲ್ಕು ವರ್ಷ ಗೋಡೆಯಾಚೆ ಅವರೂ ಕೇಳಿದ್ದರು. ಸೂರ್ಯ ದುಡುಂ ಎಂದು ಇಳಿದ. ರುದ್ರಮುನಿಯವರು ಕತ್ತಲಲ್ಲಿ ತಡವರಿಸಿ ಪುಸ್ತಕ ಬಿಚ್ಚಿ, ಬಹಳ ಮೆಲ್ಲಗೆ, ವಯಸ್ಸೆಷ್ಟು ಬರೆಯಲಮ್ಮ ಎಂದು ಕೇಳಿದರು. ಐವತ್ತೆರಡು ಎಂದರು ಅವರು. ಅದು ನಾಯಿಗಳ ಲೆಕ್ಕದಲ್ಲೂ ತಾಳೆಯಾಗುವುದಿಲ್ಲ. ರುದ್ರಮುನಿಯವರು ಐವತ್ತೆರಡೇ ಬರೆದುಕೊಂಡರು.

ಅಂದಿನಿಂದ ಎರಡು ನನ್ನದು, ಅರ್ಧ ಗೋಡೆಯಾಚೆಯಿಂದ. ಆ ಅರ್ಧವನ್ನು ನಾನು ಮತ್ತೆ ಕಲಿಯಲು ಹೋಗಲಿಲ್ಲ. ನನ್ನದು ಮುಗಿಸಿ ಜಗಲಿಯಲ್ಲಿ ಕಾಯುತ್ತೇನೆ. ಕೆಲವು ದಿನ ಕೂಡಲೇ ಬರುತ್ತದೆ. ಕೆಲವು ದಿನ ತಡವಾಗುತ್ತದೆ. ಹೊತ್ತಾಯಿತಲ್ಲ ಸಾವಂತ್ರಮ್ಮನವರೇ ಎಂದು ಕೂಗಿದರೆ, ಇನ್ನೊಂದು ಮೊರ ಅಕ್ಕಿ ಆರಿಸೋದಿದೆ, ಬೆಳಕು ಚೆನ್ನಾಗಿದೆ, ಸುಮ್ನೆ ಕೂತ್ಕೋ ಎನ್ನುತ್ತಾರೆ. ನಾನು ಕೂತುಕೊಳ್ಳುತ್ತೇನೆ. ಸೂರ್ಯನೂ ಟ್ಯಾಂಕಿನ ಮೇಲೆ ಕೂತುಕೊಳ್ಳುತ್ತಾನೆ.